ಆಟಿಯಲ್ಲಿ ವಿರಾಟಪರ್ವ

ಎಲ್ಲದಕ್ಕೂ ಮೂಲ ಪಕ್ಕದ ಮನೆಯ ಚೇಚಿ. ಜುಲೈ ಮಧ್ಯದಲ್ಲಿ ಕರ್ಕಟಕ ಸಂಕ್ರಮಣ ಬಂದದ್ದೇ ತಡ, ಸಂಜೆ ದೀಪ ಹಚ್ಚಿ ಎಳುತ್ತಚ್ಛನ ಮಲಯಾಳ ರಾಮಾಯಣ ಓದಲು ಕೂರುತ್ತಾರೆ. ತಿಂಗಳಿಡೀ, ಒಂದು ದಿನವೂ ತಪ್ಪದೆ. ಅದೇ ಹೊತ್ತಿಗೆ ನಮ್ಮ ಮನೆಯಿಂದ ಹೊರಡುವ ಸ್ವರ ಎರಡೇ. ಒಂದು ಧಾರಾವಾಹಿಯ ಅತ್ತೆಯದ್ದು, ಇನ್ನೊಂದು ಚಾರ್ಜರಿಗಾಗಿ ಕಿತ್ತಾಡುವ ಮಕ್ಕಳದ್ದು.

ನನಗೆ ನಾಚಿಕೆಯಾಯಿತು. ಗಡಿನಾಡ ಕನ್ನಡಿಗ ಎಂದು ಸಭೆಗಳಲ್ಲಿ ಎದೆ ತಟ್ಟಿಕೊಳ್ಳುವವ ನಾನು. ಮಗ ನೋಡಿದರೆ ಬಸ್ಸಿನ ಬೋರ್ಡನ್ನು ಮಲಯಾಳದಲ್ಲಿ ಪಟಪಟ ಓದುತ್ತಾನೆ, ಕನ್ನಡ ಬಂದಾಗ "ಇದರಲ್ಲಿ ಒತ್ತು ಜಾಸ್ತಿ ಉಂಟು ಅಪ್ಪ" ಎಂದು ತಡವರಿಸುತ್ತಾನೆ. ಚೇಚಿಯ ಕರ್ಕಟಕವೇ ತುಳುವಿನ ಆಟಿ ತಿಂಗಳು. ಈ ಆಟಿಯಲ್ಲಿ ಮನೆಗೆ ಸ್ವಲ್ಪ ಕಲೆ, ಸ್ವಲ್ಪ ಕಾವ್ಯ, ಸ್ವಲ್ಪ ಆಚರಣೆ ತರಲೇಬೇಕು ಎಂದು ತೀರ್ಮಾನಿಸಿದೆ.

"ಅದಕ್ಕೂ ಮೊದಲು ಅಡುಗೆಮನೆಗೆ ನಾಲ್ಕು ಹಂಚು ತನ್ನಿ, ಸೋರ್ತಾ ಉಂಟು" ಎಂದಳು ಹೆಂಡತಿ.

ಹಂಚು ತರಲು ಹೋದವನು ಯಕ್ಷಗಾನದ ಬಣ್ಣದ ವೇಷದ ಮುಖವಾಡ ತಂದೆ. ಕೋರೆಹಲ್ಲು, ಉರಿಗಣ್ಣು, ಚುಟ್ಟಿ ಎಲ್ಲ ಸರಿಯಾಗಿತ್ತು. ಸರಿಯಿಲ್ಲದ್ದು ನಮ್ಮ ಗೋಡೆ. ಮುರಕಲ್ಲಿನ ಗೋಡೆಗೆ ಮೊಳೆ ಹೊಡೆದವರಿಗೇ ಗೊತ್ತು ಅದರ ಬುದ್ಧಿ. ಮಳೆಗಾಲದಲ್ಲಿ ಅದು ಕಲ್ಲಲ್ಲ, ಚಹಾದಲ್ಲಿ ನೆನೆದ ರಸ್ಕು. ಒಂದು ಮೊಳೆ ನಿಲ್ಲಲಿಲ್ಲವೆಂದು ಅದಕ್ಕಿಂತ ದಪ್ಪದ್ದು, ಅದೂ ನಿಲ್ಲಲಿಲ್ಲವೆಂದು ಇನ್ನೂ ದಪ್ಪದ್ದು ಹೊಡೆದೆ. ನಾಲ್ಕನೇ ಮೊಳೆಯ ಹೊತ್ತಿಗೆ ಗೋಡೆಯಲ್ಲಿ ಒಂದು ಗೆರಟೆ ಹಿಡಿಸುವಷ್ಟು ತೂತು. ಕೊನೆಗೆ ಮುಖವಾಡವನ್ನು ಟೀವಿ ಪಕ್ಕ ಒರಗಿಸಿಟ್ಟೆ. ರಾತ್ರಿ ಕರೆಂಟು ಹೋಯಿತು. ಟಾರ್ಚಿನ ಬೆಳಕು ಕೋರೆಹಲ್ಲಿಗೆ ಬಿದ್ದು ಮಗ ಕಿರುಚಿದ. ಅವನು ಕಿರುಚಿದ್ದಕ್ಕೆ ನಾನು ಕಿರುಚಿದೆ. ಮರುದಿನದಿಂದ ಕಲೆ ಹಳೆ ಬೈರಾಸು ಸುತ್ತಿಕೊಂಡು ಮಂಚದಡಿ ಮಲಗಿತು.

ಇನ್ನು ಕಾವ್ಯ. ಚೇಚಿಯದ್ದು ರಾಮಾಯಣ, ನಮ್ಮದು ಕುಮಾರವ್ಯಾಸ ಭಾರತ ಆಗಲಿ ಎಂದೆ. "ಮನೆಯಲ್ಲಿ ಭಾರತ ಓದಿದ್ರೆ ಜಗಳ ಆಗ್ತದಂತೆ" ಎಂದಳು ಹೆಂಡತಿ. ಅದೆಲ್ಲ ಸುಮ್ನೆ ಎಂದೆ. ಸುಮ್ನೆ ಅಲ್ಲ ಎಂದಳು. ಅರ್ಧ ಗಂಟೆ ಜಗಳವಾಯಿತು. ಪುಸ್ತಕ ಇನ್ನೂ ಕಪಾಟಿನಲ್ಲೇ ಇತ್ತು.

ಕಪಾಟು ತೆಗೆದರೆ ಬೂಷ್ಟಿನ ವಾಸನೆ. ರಟ್ಟಿನ ಮೇಲೆ ಬಿಳಿ ಹತ್ತಿಯ ಹಾಗೆ ಬೆಳೆ ಬಂದಿತ್ತು. ಕುಮಾರವ್ಯಾಸ ಮಿಂದು ಒದ್ದೆ ಬಟ್ಟೆಯಲ್ಲಿ ಗದುಗಿನ ವೀರನಾರಾಯಣನ ಮುಂದೆ ಕೂತು, ಬಟ್ಟೆ ಒಣಗುವವರೆಗೆ ಬರೆಯುತ್ತಿದ್ದ ಎಂದು ಕಥೆ ಉಂಟಲ್ಲ? ಹಾಗಾಗಿ ಹತ್ತು ಪರ್ವಕ್ಕೆ ನಿಂತಿತೋ ಏನೋ. ನಮ್ಮ ಕಾಸರಗೋಡಿಗೆ ಬಂದು ಆಟಿಯಲ್ಲಿ ಬರೆಯಬೇಕಿತ್ತು. ಇಲ್ಲಿ ತೊಳೆದ ಲುಂಗಿ ಒಣಗಲು ನಾಲ್ಕು ದಿನ ಬೇಕು. ಹದಿನೆಂಟು ಪರ್ವವೂ ಮುಗಿದು, ಮೇಲೆ ಹರಿವಂಶಕ್ಕೂ ಸಮಯ ಉಳಿಯುತ್ತಿತ್ತು.

ಮೊದಲ ದಿನ ಆದಿಪರ್ವ ತೆಗೆದೆ. ಭಾಮಿನಿ ಷಟ್ಪದಿಯ ನಡೆ ಹೀಗೆ ಎಂದು ತೊಡೆ ತಟ್ಟಿ ತೋರಿಸಿದೆ. "ಮೂರು ಮಾತ್ರೆ, ಆಮೇಲೆ ನಾಲ್ಕು. ಪುನಃ ಮೂರು, ಪುನಃ ನಾಲ್ಕು."

"ಅಷ್ಟು ಮಾತ್ರೆ ಯಾರಿಗೆ ಅಪ್ಪ? ಅಜ್ಜನಿಗಾ?" ಎಂದ ಮಗ.

ಎರಡು ದಿನದಲ್ಲಿ ಆದಿಪರ್ವ ಬಿಟ್ಟು ವಿರಾಟಪರ್ವಕ್ಕೆ ಹಾರಿದೆ. ಭೀಮ ಅಡುಗೆಭಟ್ಟ, ಅರ್ಜುನ ಡ್ಯಾನ್ಸ್ ಟೀಚರ್ ಅಂದರೆ ಮಕ್ಕಳು ಕೂರುತ್ತಾರೆ ಅಲ್ವಾ? ಕೂತರು. ಮರುದಿನ ಜೋರು ಮಳೆ ಬಂತು. ಅದರ ಮರುದಿನ ಇನ್ನೂ ಜೋರು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಊರಿದು, ಆಟಿಯಲ್ಲಿ ಮಳೆ ಬಂದರೆ ಸುದ್ದಿಯೇ ಅಲ್ಲ. ಆದರೆ ರೆಡ್ ಅಲರ್ಟ್ ಬಂತು, ಶಾಲೆಗೆ ರಜೆ ಸಾರಿದರು. ಸಂಜೆ ನಾನು ಕರೆಯುವ ಮೊದಲೇ ಮಕ್ಕಳಿಬ್ಬರೂ ಚಾಪೆ ಹಾಸಿ ಕೂತಿದ್ದರು. ಕಾವ್ಯದ ರುಚಿ ಹತ್ತಿತು ಎಂದು ನನ್ನ ಗಂಟಲು ಕಟ್ಟಿತು. ಮಗಳ ಬಾಯಿಂದ ಆಮೇಲೆ ಬಂತು ನಿಜ. "ಇನ್ನೂ ಹತ್ತು ಪದ್ಯ ಓದಿ ಅಪ್ಪ, ನಾಳೆಯೂ ರಜೆ ಸಿಗ್ಲಿ."

ವಿರಾಟಪರ್ವ ಓದಿದರೆ ಮಳೆ ಬರುತ್ತದೆ ಎಂಬ ನಂಬಿಕೆಯನ್ನು ಅವಳಿಗೆ ಹೇಳಿದವಳು ಹೆಂಡತಿ. ಅದು ನನ್ನ ಅಪ್ಪನ ಕಿವಿಗೂ ಬಿತ್ತು. ಅಡಿಕೆಗೆ ಎರಡನೇ ಮದ್ದು ಬಿಡಲು ಬಾಕಿ ಇತ್ತು. ಮೊದಲನೆಯದು ಬಿಟ್ಟು ನಲುವತ್ತೈದು ದಿನ ಕಳೆದಿತ್ತು. ಮೈಲುತುತ್ತು, ಸುಣ್ಣ ತಂದಿಟ್ಟು, ನೂರು ಲೀಟರಿಗೆ ಒಂದೊಂದು ಕಿಲೋ ಲೆಕ್ಕ ಹಾಕಿ, ಮರ ಹತ್ತುವವನನ್ನು ಹೇಗೋ ಒಪ್ಪಿಸಿ ಅಪ್ಪ ಬಿಸಿಲಿಗೆ ಕಾಯುತ್ತಿದ್ದರು. ತೋಟದಲ್ಲಿ ಕೊಳೆರೋಗದ ಕಾಯಿ ಉದುರಲು ಸುರುವಾಗಿತ್ತು.

"ಎಂತ ಮಾರಾಯ, ನಿನಗೆ ಬೇರೆ ಪರ್ವವೇ ಸಿಕ್ಕಲಿಲ್ವಾ? ಇನ್ನು ಒಂಬತ್ತು ಉಂಟಲ್ಲ!"

ಅಪ್ಪನ ಕಣ್ಣಲ್ಲಿ ನಾನು ಮೊದಲೇ ಇಳಿದಿದ್ದೆ. ಹಿಂದಿನ ವಾರ ಆಟಿ ಅಮಾವಾಸ್ಯೆ. ಅಂದು ಬೆಳಗ್ಗೆ ಕುಡಿಯುವ ಪಾಲೆ ಮರದ ಕಷಾಯ ಈ ಸಲ ನಾನೇ ಮಾಡಿಸುತ್ತೇನೆ ಎಂದು ಬೆಳಗಾಗುವ ಮೊದಲೇ ಹೊರಟಿದ್ದೆ. ಕತ್ತಿ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ಕೆತ್ತೆ ತೆಗೆದು ತಂದೆ, ಶಾಸ್ತ್ರದಲ್ಲಿ ಒಂದು ಲೋಪವಿಲ್ಲ. ಅಪ್ಪ ಟಾರ್ಚು ಹಾಕಿ ನೋಡಿದರು. "ಪಾಲೆ ಅಂದ್ರೆ ಹಾಲು ಬರ್ಬೇಕು. ಇದ್ರಲ್ಲಿ ಹಾಲೆಲ್ಲುಂಟು?" ನಾನು ತಂದದ್ದು ಕಾಸರಕ. ನಮ್ಮ ಊರಿಗೆ ಹೆಸರು ಬಂದದ್ದೇ ಆ ಮರದಿಂದ ಎನ್ನುವವರೂ ಇದ್ದಾರೆ. ಆದರೆ ಕುಡಿದರೆ ಹೆಸರು ಮಾತ್ರ ಉಳಿಯುತ್ತದೆ, ಕುಡಿದವ ಉಳಿಯುವುದಿಲ್ಲ. ಅಪ್ಪ ಒಂದು ಮಾತೂ ಆಡದೆ ಕೆತ್ತೆಯನ್ನು ಹೊಂಡ ತೋಡಿ ಹೂತು, ತಾವೇ ಕೊಡೆ ಹಿಡಿದು ಸರಿಯಾದ ಮರ ಹುಡುಕಿ ಹೋದರು. ಆ ಮೌನಕ್ಕಿಂತ ಕಷಾಯ ಕಹಿಯಿರಲಿಲ್ಲ.

ಹಾಗಾಗಿ ಪುಸ್ತಕ ಮುಚ್ಚಿದೆ. ಕೌರವರ ಸೇನೆ ಕಂಡು ಉತ್ತರಕುಮಾರ ರಥದಿಂದ ಹಾರಿ ಓಡುವ ಜಾಗ ಅದು. ಗುರುತಿಗೆ ಹಳೆ ಬಸ್ ಟಿಕೆಟು ಇಟ್ಟೆ. "ಉತ್ತರನ ಪೌರುಷ ಒಲೆಯ ಮುಂದೆ" ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು. ಯಾವ ಉತ್ತರನಿಗೆ ಹೇಳಿದ್ದೆಂದು ನಾನು ಕೇಳಲಿಲ್ಲ.

ಎರಡೇ ದಿನದಲ್ಲಿ ಮಳೆ ಬಿಟ್ಟಿತು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಆದರೂ ಬಿಟ್ಟಿತು. ಮದ್ದು ಬಿಟ್ಟಾಯಿತು. ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಿ ಅಪ್ಪನ ಕೈ ವಾರವಿಡೀ ನೀಲಿ. ಆಚೆ ಮನೆಯಲ್ಲಿ ಚೇಚಿಯ ರಾಮಾಯಣ ತಿಂಗಳ ಕೊನೆಗೆ ಸರಿಯಾಗಿ ಮುಗಿಯಿತು.

ಪುಸ್ತಕದ ನೆನಪಾದದ್ದು ಏಪ್ರಿಲ್‌ನಲ್ಲಿ, ಬಿಸುವಿನ ಹಿಂದಿನ ರಾತ್ರಿ. ಹಬ್ಬದ ಬೆಳಗ್ಗೆ ಕಣ್ಣು ಬಿಟ್ಟೊಡನೆ ನೋಡುವ ಕಣಿಗೆ ಸೌತೆಕಾಯಿ, ಕನ್ನಡಿ, ಕೊಂದೆ ಹೂ ಎಲ್ಲ ಜೋಡಿಸಿದ ಮೇಲೆ ಹೆಂಡತಿ, "ಚೇಚಿ ಕಣಿಗೆ ಗ್ರಂಥವನ್ನೂ ಇಡ್ತಾರಂತೆ" ಎಂದಳು. ಒಲೆಯ ಮೇಲಿನ ಅಟ್ಟದಿಂದ ಕುಮಾರವ್ಯಾಸನನ್ನು ಇಳಿಸಿದೆ. ಬೂಷ್ಟು ಹೋಗಿ ಹೊಗೆ ವಾಸನೆ ಹಿಡಿದಿತ್ತು.

ಬೆಳಗ್ಗೆ ಕಣಿ ನೋಡಿ ಎದ್ದ ಅಪ್ಪ ಅಲ್ಲೇ ನಿಂತರು. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಆಗಲೇ ನೂಲಿನಷ್ಟಾಗಿತ್ತು, ತೋಟದ ಹಾಳೆಗಳು ಒಣಗಿ ಬೀಳುತ್ತಿದ್ದವು. "ಆ ವಿರಾಟಪರ್ವ ಇವತ್ತಿಂದ ಸುರು ಮಾಡು" ಎಂದರು.

ಬಸ್ ಟಿಕೆಟು ಇದ್ದಲ್ಲಿ ತೆರೆದೆ. ಪುಟದ ಕೆಳಮೂಲೆಯಲ್ಲಿ ತಿಳಿನೀಲಿ ಹೆಬ್ಬೆಟ್ಟಿನ ಗುರುತು. ಮಗುಚಿದರೆ ಮುಂದಿನ ಪುಟದಲ್ಲೂ ಒಂದು. ಅದರ ಮುಂದಿನದರಲ್ಲೂ. ಉತ್ತರ ವಾಪಸು ರಥ ಹತ್ತಿ, ಯುದ್ಧ ಗೆದ್ದು, ಅಭಿಮನ್ಯುವಿನ ಮದುವೆ ಆಗುವವರೆಗೂ ನೀಲಿ ಹೆಬ್ಬೆಟ್ಟು.

"ಅಪ್ಪ, ಇದೆಂತ?"

"ಮದ್ದು ಬಿಟ್ಟು ಆಗಿತ್ತಲ್ಲ," ಎಂದು ಅಪ್ಪ ಸೌತೆಕಾಯಿಯನ್ನು ಸ್ವಲ್ಪ ಸರಿಸಿಟ್ಟರು. "ಮತ್ತೆ ಮಳೆ ಬಂದ್ರೆ ನನಗೆಂತ?"