ಹಿಡಿದ ಹಡಗಿನ ಲೆಕ್ಕ ಕೊಡುವವರು ಯಾರು?

2024ರ ಏಪ್ರಿಲ್ 13. ಹಾರ್ಮುಜ್ ಜಲಸಂಧಿಯ ಹತ್ತಿರ ಇರಾನಿನ ಸೈನಿಕರು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಸ್ರೇಲಿ ನಂಟಿನ ಎಂಎಸ್‌ಸಿ ಏರೀಸ್ ಸರಕು ಹಡಗಿನ ಮೇಲೆ ಇಳಿದರು. ಆ ವಿಡಿಯೋವನ್ನು ಟಿವಿಯವರು ಇಡೀ ದಿನ ತಿರುಗಿಸಿ ತಿರುಗಿಸಿ ಹಾಕಿದರು. ಹಡಗಿನಲ್ಲಿದ್ದ 25 ಜನರಲ್ಲಿ 17 ಜನ ನಮ್ಮ ದೇಶದವರು. ನಾನು ಇಸ್ರೇಲು, ಇರಾನು, ಮುಂದೇನಾಗುತ್ತೋ ಅಂತ ಯೋಚಿಸುತ್ತಾ ಕೂತಿದ್ದೆ. ಅಪ್ಪ ಕೇಳಿದ್ದು ಒಂದೇ ಮಾತು. "ಜನರೇಟರ್ ನಡೀತಾ ಇದ್ಯಂತಾ?"

ಅಪ್ಪ ಇಪ್ಪತ್ತಾರು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಆಯಿಲರ್ ಆಗಿದ್ದವರು. ಕಾರವಾರದ ಕಡೆಯಿಂದ ಹಡಗಿಗೆ ಹೋದವರು ನಮ್ಮ ಓಣಿಯಲ್ಲೇ ನಾಲ್ಕು ಮನೆ ಇದ್ದಾರೆ. ಅವರು ಹಾಗೆ ಕೇಳಿದ್ದಕ್ಕೆ ಕಾರಣ ಇದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರ ಹಡಗನ್ನು ಪರದೇಶದ ಒಂದು ಬಂದರಿನಲ್ಲಿ ಐದು ತಿಂಗಳು ತಡೆದು ನಿಲ್ಲಿಸಿದ್ದರು. ಯುದ್ಧ ಏನೂ ಇರಲಿಲ್ಲ, ಮಾಲೀಕ ಸಾಲ ಕಟ್ಟಿರಲಿಲ್ಲ, ಅಷ್ಟೇ. ಡೀಸೆಲ್ ಮುಗಿಯುತ್ತಾ ಬಂತು. ಜನರೇಟರ್ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಕೋಲ್ಡ್ ರೂಮಿನ ಮಾಂಸ ವಾಸನೆ ಬಂದು ಸಮುದ್ರಕ್ಕೆ ಎಸೆದರು. ಅಕ್ಕಿಯನ್ನು ಚಹಾ ಗ್ಲಾಸಿನಲ್ಲಿ ಅಳೆದು ಹಾಕುತ್ತಿದ್ದರಂತೆ. ಆ ಒಂದು ತಾಸಿನಲ್ಲೂ ಇವರು ಕೆಳಗಿಳಿದು ದೊಡ್ಡ ಇಂಜಿನ್ನನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಎಣ್ಣೆ ಬಿಟ್ಟು ಬರುತ್ತಿದ್ದರು, ಇಲ್ಲದಿದ್ದರೆ ಅದು ಹಿಡಿದುಕೊಂಡುಬಿಡುತ್ತದೆ. ಸಂಬಳ ಬರುತ್ತದೆ ಅಂತ ಯಾರಿಗೂ ನಂಬಿಕೆ ಇರಲಿಲ್ಲ. ಆದರೂ ಎಣ್ಣೆ ಬಿಡೋದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಹಾಗಾಗಿ ಯಾವುದೇ ಸರ್ಕಾರ ಹಡಗು ಹಿಡಿಯಿತು ಅಂತ ಸುದ್ದಿ ಬಂದರೆ ನನಗೆ ಮೊದಲು ಆ ಇಂಜಿನ್ ರೂಮು ಕಣ್ಣಿಗೆ ಬರುತ್ತದೆ. ಹಿಡಿಯೋದು ಒಂದು ಗಂಟೆಯ ಕೆಲಸ. ಆಮೇಲೆ ಅದನ್ನು ಯಾರು ನಡೆಸುತ್ತಾರೆ, ಅದರ ದುಡ್ಡು ಎಲ್ಲಿಗೆ ಹೋಗುತ್ತದೆ, ಅದರಲ್ಲಿದ್ದವರು ಮನೆಗೆ ಯಾವಾಗ ಹೋಗುತ್ತಾರೆ? ಇದನ್ನು ಯಾರೂ ಕೇಳುವುದಿಲ್ಲ.

ನಮ್ಮ ಪಕ್ಕದ ಕತೆಯನ್ನೇ ಹೇಳ್ತೀನಿ. ಕಾರವಾರದಿಂದ ವಾಸ್ಕೋಗೆ ಹೋದವರಿಗೆ ಮರ್ಮಗೋವಾ ಬಂದರು ಗೊತ್ತು. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಹಿಂದೂ ಮಹಾಸಾಗರದಲ್ಲಿದ್ದ ಜರ್ಮನ್ ಸರಕು ಹಡಗುಗಳಿಗೆ ದಿಕ್ಕು ತೋಚಲಿಲ್ಲ. ಬಾಂಬೆ, ಕಲ್ಕತ್ತಾ, ಕೊಲಂಬೋ ಎಲ್ಲ ಬ್ರಿಟಿಷರದ್ದು, ಹೋದರೆ ಹಿಡಿಯುತ್ತಾರೆ. ಗೋವಾ ಪೋರ್ಚುಗೀಸರದ್ದು, ಪೋರ್ಚುಗಲ್ ಆಗ ಯುದ್ಧದಲ್ಲಿ ಇರಲಿಲ್ಲ. ಹಾಗೆ ಲಿಖ್ಟನ್‌ಫೆಲ್ಸ್, ಮಾರಿಯನ್‌ಫೆಲ್ಸ್, ಬ್ರಿಸ್ಬೇನ್ ಮುಂತಾದ ಹಡಗುಗಳು ಮರ್ಮಗೋವಾಕ್ಕೆ ಬಂದು ಲಂಗರು ಹಾಕಿದವು. ಫೆಲ್ಸ್ ಅಂದರೆ ಜರ್ಮನ್ ಭಾಷೆಯಲ್ಲಿ ಬಂಡೆ. ಭಾರತದ ಜೊತೆ ವ್ಯಾಪಾರ ಮಾಡುತ್ತಿದ್ದ ಬ್ರೆಮೆನ್‌ನ ಹಾನ್ಸಾ ಕಂಪನಿಯ ಹಡಗುಗಳಿಗೆಲ್ಲ ಆ ಬಾಲ ಇರುತ್ತಿತ್ತು. ಒಂದೂವರೆ ವರ್ಷ ಅವು ಅಲ್ಲೇ ನಿಂತವು. ಎರಡು ಮಳೆಗಾಲ.

ಅತ್ತ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನಲ್ಲೂ ಇದೇ ಕತೆ. ತೇಜೋ ನದಿಯ ಮುಖದಲ್ಲೇ ಸುಮಾರು 35 ಜರ್ಮನ್ ಹಡಗುಗಳು ನಿಂತಿದ್ದವು. ಅಜೋರ್ಸ್, ಮಡೈರಾ, ಕೇಪ್ ವರ್ಡೆ, ಆಫ್ರಿಕಾದ ಬಂದರುಗಳು, ಗೋವಾ ಎಲ್ಲ ಸೇರಿ ಸುಮಾರು 70. ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿನ ಹಡಗುಗಳನ್ನು ಮುಳುಗಿಸುತ್ತಿದ್ದ ಹೊತ್ತು ಅದು. ಬ್ರಿಟನ್ನಿಗೆ ಹಡಗು ಬೇಕಿತ್ತು, ಪೋರ್ಚುಗಲ್ಲಿಗೆ ಗೋಧಿ ತರಲು ಹಡಗು ಬೇಕಿತ್ತು. ಹಳೇ ದೋಸ್ತಿಯ ಹೆಸರಿನಲ್ಲಿ ಬ್ರಿಟನ್ ಕೇಳಿತು. 1916ರ ಫೆಬ್ರವರಿ 23ರಂದು ನೌಕಾಪಡೆಯ ಕಮಾಂಡರ್ ಲಿಯೋಟೆ ದು ರೇಗೊ ಅವರ ಜನ ತೇಜೋದಲ್ಲಿದ್ದ ಹಡಗುಗಳನ್ನು ಹತ್ತಿ ಜರ್ಮನ್ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಮಾರ್ಚ್ 9ರಂದು ಜರ್ಮನಿ ಯುದ್ಧ ಘೋಷಿಸಿತು. ಎರಡು ವಾರದಲ್ಲಿ ಒಂದು ಚಿಕ್ಕ ದೇಶ ಮಹಾಯುದ್ಧದ ಒಳಗೆ ಬಿತ್ತು.

ಮರ್ಮಗೋವಾದಲ್ಲಿದ್ದ ಹಡಗುಗಳನ್ನೂ ಹಿಡಿದರು. ಹೊಸ ಹೆಸರು ಇಟ್ಟರು, ಗೋವಾ, ದೀವ್, ದಮನ್, ಪಣಜಿ, ಮರ್ಮಗೋವಾ ಅಂತ. ನಮ್ಮ ಕರಾವಳಿಯ ಊರುಗಳ ಹೆಸರು ಹೊತ್ತು ಆ ಜರ್ಮನ್ ಹಡಗುಗಳು ಯುರೋಪಿನ ಯುದ್ಧಕ್ಕೆ ಸರಕು ಹೊರಲು ಹೋದವು. ಬ್ರಿಸ್ಬೇನ್ ದಮನ್ ಆಯಿತು. 1918ರ ಏಪ್ರಿಲ್ ಕೊನೆಯಲ್ಲಿ ವೇಲ್ಸ್ ಕರಾವಳಿಯ ಹತ್ತಿರ ಅದನ್ನು ಮುಳುಗಿಸಿದ್ದು ಜರ್ಮನ್ ಸಬ್‌ಮರೀನ್. ಜರ್ಮನರು ಕಟ್ಟಿದ ಹಡಗು, ಜರ್ಮನರದ್ದೇ ಟಾರ್ಪಿಡೊ. ಇದನ್ನು ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಹಡಗು ಹಿಡಿಯಲು ಪೋರ್ಚುಗಲ್ಲಿಗೆ ಒಂದು ದಿನ ಸಾಕಾಯಿತು. ನಡೆಸುವ ಜನ? ಅಷ್ಟೊಂದು ಹಡಗಿಗೆ ಬೇಕಾದಷ್ಟು ಕ್ಯಾಪ್ಟನ್ನರು, ಇಂಜಿನಿಯರುಗಳು ಆ ದೇಶದಲ್ಲಿ ಇರಲಿಲ್ಲ. ಜರ್ಮನ್ ಸಿಬ್ಬಂದಿ ಸುಮ್ನೆ ಬಿಟ್ಟುಕೊಟ್ಟಿರಲೂ ಇಲ್ಲ, ಎಷ್ಟೋ ಇಂಜಿನ್ನುಗಳನ್ನು ಕೆಡಿಸಿಟ್ಟಿದ್ದರು. ರಿಪೇರಿಗೇ ತಿಂಗಳುಗಳು ಹೋದವು. ಸರ್ಕಾರ ಟ್ರಾನ್ಸ್‌ಪೋರ್ಟೆಸ್ ಮರಿಟಿಮೊಸ್ ದು ಎಸ್ಟಾಡೊ ಅಂತ ಒಂದು ಸರ್ಕಾರಿ ಹಡಗು ಸಂಸ್ಥೆಯನ್ನೇ ಹುಟ್ಟುಹಾಕಿತು. ಹಡಗುಗಳಲ್ಲಿ ದೊಡ್ಡ ಪಾಲನ್ನು ಬ್ರಿಟನ್ನಿಗೆ ಬಾಡಿಗೆಗೆ ಕೊಟ್ಟಿತು. ಗೋಧಿ ತರುತ್ತೇವೆ ಅಂತ ಹಿಡಿದ ಹಡಗು ಅಲ್ವಾ? 1917ರ ಮೇ ತಿಂಗಳಲ್ಲಿ ಅದೇ ಲಿಸ್ಬನ್‌ನಲ್ಲಿ ಜನ ಹಸಿವು ತಾಳಲಾರದೆ ಅಂಗಡಿಗಳಿಗೆ ನುಗ್ಗಿದರು. ಅದನ್ನು ಆಲೂಗಡ್ಡೆ ಕ್ರಾಂತಿ ಅಂತಲೇ ಕರೆಯುತ್ತಾರೆ. ಮುಂದಿನ ವರ್ಷ ಏಪ್ರಿಲ್ 9ರಂದು ಫ್ಲಾಂಡರ್ಸ್‌ನ ಲಾ ಲೀಸ್ ಕದನದಲ್ಲಿ ಸಾವಿರಾರು ಪೋರ್ಚುಗೀಸ್ ಹುಡುಗರು ಒಂದೇ ದಿನ ಸತ್ತರು, ಗಾಯಗೊಂಡರು, ಸೆರೆ ಸಿಕ್ಕರು. ಹಡಗು ಹಿಡಿದದ್ದಕ್ಕೆ ಕೊಟ್ಟ ಬೆಲೆಯಲ್ಲಿ ಇದೂ ಸೇರಿದೆ ಅಂತ ನಾನು ನಂಬುತ್ತೇನೆ.

ಯುದ್ಧ ಮುಗಿದ ಮೇಲಿನದ್ದು ಇನ್ನೂ ಬೇಜಾರಿನ ಕತೆ. ಬ್ರಿಟನ್ನಿನಿಂದ ವಾಪಸ್ ಬಂದ ಹಡಗುಗಳನ್ನು ನಡೆಸಲು ಸರ್ಕಾರಿ ಸಂಸ್ಥೆಗೆ ಆಗಲಿಲ್ಲ. ಸಾಲ ಬೆಳೆಯಿತು. ಸಂಸತ್ತಿನಲ್ಲಿ ಅದರ ಅವ್ಯವಹಾರದ ಬಗ್ಗೆ ಜಗಳವೋ ಜಗಳ. ಕೊನೆಗೆ 1920ರ ದಶಕದಲ್ಲಿ ಸಂಸ್ಥೆಯನ್ನೇ ಮುಚ್ಚಿ ಹಡಗುಗಳನ್ನು ಮಾರಿದರು. ಯಾವುದಕ್ಕಾಗಿ ಇಡೀ ದೇಶ ಯುದ್ಧಕ್ಕೆ ಇಳಿದಿತ್ತೋ ಆ ಹಡಗುಗಳನ್ನು ಹತ್ತು ವರ್ಷವೂ ನೆಟ್ಟಗೆ ಇಟ್ಟುಕೊಳ್ಳಲು ಆಗಲಿಲ್ಲ. ಇದನ್ನು ಓದಿದಾಗ ನನಗೆ ಕೋಪ ಬರುತ್ತದೆ, ನೂರು ವರ್ಷ ಆದರೂ ಬರುತ್ತದೆ.

ಬಡ ದೇಶ, ಅನುಭವ ಇಲ್ಲ, ಹಾಗಾಯಿತು ಅನ್ನಬಹುದು. ಹಾಗಾದರೆ ಅಮೆರಿಕವನ್ನು ನೋಡಿ. ಜರ್ಮನರ ಫಾಟರ್‌ಲಾಂಡ್ ಆಗ ಜಗತ್ತಿನಲ್ಲೇ ದೊಡ್ಡ ಹಡಗು, ನ್ಯೂಯಾರ್ಕ್ ಎದುರಿನ ಹೊಬೊಕೆನ್‌ನಲ್ಲಿ 1914ರಿಂದ ನಿಂತಿತ್ತು. 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕೆ ಇಳಿಯಿತು, ಹಡಗು ಸರ್ಕಾರದ ಕೈಗೆ ಬಂತು, ಹೆಸರು ಲೆವಿಯಥನ್ ಆಯಿತು. ಅಮೆರಿಕದ ಬಂದರುಗಳಲ್ಲಿದ್ದ ಬೇರೆ ಜರ್ಮನ್ ಹಡಗುಗಳಲ್ಲಿ ಸಿಬ್ಬಂದಿ ಇಂಜಿನ್ನಿನ ದೊಡ್ಡ ಸಿಲಿಂಡರ್‌ಗಳನ್ನೇ ಒಡೆದುಹಾಕಿದ್ದರು. ಹೊಸದು ಎರಕ ಹೊಯ್ಯಲು ವರ್ಷ ಬೇಕು ಅನ್ನುವಾಗ ನೌಕಾಪಡೆಯವರು ವೆಲ್ಡಿಂಗ್ ಮಾಡಿ ತಿಂಗಳುಗಳಲ್ಲಿ ಸರಿಮಾಡಿದರು. ಅಪ್ಪನಿಗೆ ಇದನ್ನು ಓದಿ ಹೇಳಿದಾಗ ಬಹಳ ಹೊತ್ತು ತಲೆಯಾಡಿಸಿದರು. ಒಡೆದ ಸಿಲಿಂಡರ್‌ಗೆ ವೆಲ್ಡಿಂಗ್ ನಿಲ್ಲಿಸುವುದು ಎಂಥ ಕಷ್ಟ ಅಂತ ಅವರಿಗೆ ಗೊತ್ತು. ಲೆವಿಯಥನ್ ಒಂದರಲ್ಲೇ ಲಕ್ಷಕ್ಕೂ ಮೀರಿ ಸೈನಿಕರನ್ನು ಸಾಗಿಸಿದರು.

ಅಂದರೆ ಯುದ್ಧ ನಡೆಯುವಾಗ ಕೆಲಸ ಚೆನ್ನಾಗಿಯೇ ಆಯಿತು. ಆಮೇಲೆ? ಅದೇ ಹೊಬೊಕೆನ್‌ನಲ್ಲಿ ಲೆವಿಯಥನ್ ಎರಡು ವರ್ಷಕ್ಕೂ ಜಾಸ್ತಿ ತುಕ್ಕು ಹಿಡಿಯುತ್ತಾ ನಿಂತಿತ್ತು. ದುರಸ್ತಿಗೆ ಹೊರಟರೆ ಹಡಗಿನ ನಕ್ಷೆಗಳೇ ಇಲ್ಲ. ಕಟ್ಟಿದ ಜರ್ಮನರು ನಕ್ಷೆಗೆ 10 ಲಕ್ಷ ಡಾಲರ್ ಕೇಳಿದರು. ಕೊನೆಗೆ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಅನ್ನುವ ಹಡಗು ವಿನ್ಯಾಸಗಾರ ತನ್ನ ಜನರನ್ನು ಒಳಗೆ ಬಿಟ್ಟು ಇಡೀ ಹಡಗನ್ನು ಅಳತೆ ಮಾಡಿಸಿ ಹೊಸ ನಕ್ಷೆ ಬರೆಸಿದರು. ಪ್ರತಿ ಕೋಣೆ, ಪ್ರತಿ ಪೈಪು. ಹಿಡಿದು ವರ್ಷಗಳೇ ಆದಮೇಲೆ ಅಮೆರಿಕಕ್ಕೆ ತಾನು ಏನನ್ನು ಹಿಡಿದಿದ್ದೇನೆ ಅಂತ ಗೊತ್ತಾಯಿತು ನೋಡಿ! 1923ರಲ್ಲಿ ಮತ್ತೆ ಪ್ರಯಾಣಿಕರನ್ನು ಹೊತ್ತು ಹೊರಟಿತು, ವರ್ಷ ವರ್ಷವೂ ನಷ್ಟ, 1938ರಲ್ಲಿ ಸ್ಕಾಟ್ಲೆಂಡಿನ ರೊಸೈತ್‌ನಲ್ಲಿ ಗುಜರಿಗೆ ಹೋಯಿತು. ಆದರೆ ಅಮೆರಿಕದ ಒಂದು ಕೆಲಸವನ್ನು ಮೆಚ್ಚಲೇಬೇಕು. 1928ರಲ್ಲಿ ಕಾನೂನು ಮಾಡಿ ಜರ್ಮನ್ ಹಡಗು ಮಾಲೀಕರಿಗೆ ಪರಿಹಾರ ಕೊಡುವ ದಾರಿ ಮಾಡಿತು. ತಡವಾದರೂ ಒಂದು ಲೆಕ್ಕ ಅಂತ ಆಯಿತು.

ಇಷ್ಟೆಲ್ಲ ಹೇಳಿದ್ದು ಹಡಗು ಹಿಡಿಯಲೇಬಾರದು ಅಂತಲ್ಲ. ಯುದ್ಧ ಅಂದಮೇಲೆ ಹಿಡಿಯುತ್ತಾರೆ. ಅದಕ್ಕೆ ಶತಮಾನಗಳಿಂದ ನಿಯಮ ಇದೆ. ಹಿಡಿದ ಹಡಗನ್ನು ಪ್ರೈಜ್ ಕೋರ್ಟ್ ಅನ್ನುವ ವಿಶೇಷ ನ್ಯಾಯಾಲಯದ ಮುಂದೆ ತರಬೇಕು, ಹಿಡಿದದ್ದು ಸರಿಯೋ ತಪ್ಪೋ ಅಂತ ಅದು ಹೇಳಬೇಕು, ಸರಕು ಬೇರೆ ದೇಶದವರದ್ದಾಗಿದ್ದರೆ ಅವರ ಮಾತನ್ನೂ ಕೇಳಬೇಕು. ನಮ್ಮ ದೇಶದಲ್ಲೂ ಇದಕ್ಕೆ 1971ರ ನೌಕಾ ಮತ್ತು ವಿಮಾನ ಪ್ರೈಜ್ ಕಾಯ್ದೆ ಇದೆ. 1907ರಲ್ಲಿ ಹೇಗ್‌ನಲ್ಲಿ ಆದ ಒಪ್ಪಂದ ಇನ್ನೊಂದು ಒಳ್ಳೆಯ ಮಾತು ಹೇಳುತ್ತದೆ. ಯುದ್ಧ ಮುಗಿಯುವ ತನಕ ಯುದ್ಧದ ಕೆಲಸಕ್ಕೆ ಸೇರುವುದಿಲ್ಲ ಅಂತ ಬರೆದುಕೊಟ್ಟರೆ ವ್ಯಾಪಾರಿ ಹಡಗಿನ ಸಿಬ್ಬಂದಿಯನ್ನು ಯುದ್ಧಕೈದಿ ಮಾಡಬಾರದು. ನೂರು ವರ್ಷದ ಹಿಂದೆಯೇ ಯಾರೋ ಕೂತು ಅಡುಗೆಯವನ ಬಗ್ಗೆ, ಆಯಿಲರ್ ಬಗ್ಗೆ ಯೋಚಿಸಿ ಬರೆದಿದ್ದಾರೆ.

ನನಗೆ ಬೇಕಾದದ್ದು ಇಷ್ಟೇ. ಹಡಗು ಹಿಡಿದ ದಿನವೇ ಸರ್ಕಾರ ಒಂದು ಪುಸ್ತಕ ತೆರೆಯಬೇಕು, ಅದನ್ನು ಎಲ್ಲರೂ ನೋಡುವ ಹಾಗೆ ಇಡಬೇಕು. ಒಳಗೆ ಏನು ಸರಕಿತ್ತು, ಇಂಜಿನ್ ಯಾವ ಸ್ಥಿತಿಯಲ್ಲಿತ್ತು, ಎಷ್ಟು ಜನರಿದ್ದರು, ಅವರನ್ನು ಯಾವಾಗ ಮನೆಗೆ ಕಳಿಸುತ್ತೀರಿ, ಹಡಗನ್ನು ಇನ್ನು ಯಾರು ನಡೆಸುತ್ತಾರೆ, ದುಡಿದ ಬಾಡಿಗೆ ಯಾವ ಖಾತೆಗೆ ಹೋಗುತ್ತದೆ, ಎಲ್ಲ ಅದರಲ್ಲಿರಬೇಕು. ನಡೆಸಲು ಬಾರದಿದ್ದರೆ ಬಲ್ಲವರ ಕೈಗೆ ಕೊಡಲಿ, ಅವರಿಗೆಷ್ಟು ಕೊಟ್ಟೆವು ಅನ್ನೋದನ್ನೂ ಬರೆಯಲಿ. ಯುದ್ಧದ ಗುಟ್ಟು ಅಂತ ಕೆಲವರು ಹೇಳಬಹುದು. ಹಡಗು ಎಲ್ಲಿಗೆ ಹೋಗುತ್ತಿದೆ ಅನ್ನೋದು ಗುಟ್ಟು, ಒಪ್ಪುತ್ತೇನೆ. ಒಬ್ಬ ಅಡುಗೆಯವನು ಮನೆಗೆ ಯಾವಾಗ ಹೋಗುತ್ತಾನೆ ಅನ್ನೋದು ಎಂಥ ಗುಟ್ಟು?

ಏರೀಸ್ ಹಿಡಿದ ಹೊತ್ತಿನಲ್ಲೇ ಕೆಂಪು ಸಮುದ್ರದಲ್ಲಿ ಇನ್ನೊಂದು ಹಡಗಿತ್ತು, ಗ್ಯಾಲಕ್ಸಿ ಲೀಡರ್. 2023ರ ನವೆಂಬರ್ 19ರಂದು ಯೆಮೆನ್ನಿನ ಸಶಸ್ತ್ರ ಬಂಡುಕೋರರಾದ ಹೌತಿಗಳು ಹಿಡಿದದ್ದು. ಯೆಮೆನ್ ಕರಾವಳಿಯಲ್ಲಿ ಅದನ್ನು ನಿಲ್ಲಿಸಿ ಜನರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಮೇಲೆ ಫೋಟೊ ತೆಗೆಸಿಕೊಳ್ಳುವವರು. ಸಿಬ್ಬಂದಿ 25 ಜನ ಸೆರೆಯಲ್ಲಿ. ಅವರನ್ನು ಬಿಟ್ಟದ್ದು 2025ರ ಜನವರಿಯಲ್ಲಿ, ಹದಿನಾಲ್ಕು ತಿಂಗಳ ಮೇಲೆ. ಏರೀಸ್‌ನಿಂದ ಕೇರಳದ ಒಬ್ಬ ಹುಡುಗಿ ಬೇಗ ಮನೆ ಸೇರಿದಳು. 2024ರ ಮೇ 9ರಂದು ಇನ್ನೂ ಐದು ಜನ ಭಾರತೀಯರನ್ನು ಬಿಟ್ಟರು. ಆ ಸುದ್ದಿಯನ್ನು ಓದಿ ಹೇಳಿದಾಗ ಅಪ್ಪ ಬೆರಳು ಮಡಚಿ ಎಣಿಸಿದರು. "ಒಟ್ಟು ಆರು. ಹದಿನೇಳರಲ್ಲಿ ಆರು ಹೋದರೆ ಇನ್ನೂ ಹನ್ನೊಂದು ಜನ ಇದ್ದಾರಲ್ಲೋ" ಅಂದರು. ಆಮೇಲೆ ಎದ್ದು ಹೋಗಿ ಗೇಟಿನ ಹತ್ತಿರ ಬಹಳ ಹೊತ್ತು ಬಂದರಿನ ಕಡೆ ನೋಡುತ್ತಾ ನಿಂತರು. ಆವತ್ತು ಬೈತಖೋಲದಲ್ಲಿ ಒಂದು ಹಡಗು ನಿಂತಿತ್ತು, ಅದರ ಜನರೇಟರ್ ಸದ್ದು ನಮ್ಮ ಓಣಿಯ ತನಕ ಕೇಳಿಸುತ್ತಿತ್ತು.