ಸತ್ಯಾಂಶ: ಶೇವ್ ಮಾಡಿದಷ್ಟೂ ಗಡ್ಡ ದಪ್ಪ ಬೆಳೆಯುವುದಿಲ್ಲ

ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ: ಸೇಫ್ಟಿ ರೇಜರಿನಲ್ಲಿ ದಿನಾ ಒತ್ತಿ ಕೆರೆದರೆ ಗಡ್ಡ ದಟ್ಟವಾಗುತ್ತದಂತೆ. ಇದು ಸುಳ್ಳು. ಕೂದಲಿನ ಬೇರು ಇರುವುದು ಚರ್ಮದ ಒಳಗೆ, ಬ್ಲೇಡು ಮುಟ್ಟುವುದು ಹೊರಗಿನ ಜೀವವಿಲ್ಲದ ಭಾಗವನ್ನು ಮಾತ್ರ, ಹಾಗಾಗಿ ಎಷ್ಟು ಸಲ ಕತ್ತರಿಸಿದರೂ ಬೇರಿಗೆ ಏನೂ ಆಗುವುದಿಲ್ಲ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಅಳೆದು ನೋಡಿದ್ದರು. ಕೂದಲಿನ ದಪ್ಪವೂ ಬದಲಾಗಿರಲಿಲ್ಲ, ಬೆಳೆಯುವ ವೇಗವೂ ಬದಲಾಗಿರಲಿಲ್ಲ.

ಹಾಗಾದರೆ ಶೇವ್ ಮಾಡಿದ ಮೇಲೆ ಬರುವ ಕೂದಲು ಕೈಗೆ ಒರಟಾಗಿ ತಾಗುತ್ತದಲ್ವಾ, ಅದು ಯಾಕೆ? ಕೂದಲಿನ ತುದಿ ಸಹಜವಾಗಿ ಚೂಪು, ಬ್ಲೇಡು ಅದನ್ನು ಮೊಂಡು ಮಾಡುತ್ತದೆ, ಅಷ್ಟೇ.

ಮೀಸೆ ಈಗಷ್ಟೇ ಚಿಗುರುತ್ತಿರುವ ಹುಡುಗರು ಇದನ್ನು ನಂಬಿ ಒಣ ಮುಖವನ್ನೇ ಕೆರೆದು ಗಾಯ ಮಾಡಿಕೊಳ್ಳುವುದು ನೋಡಿದರೆ ಬೇಜಾರಾಗುತ್ತದೆ. ನಮ್ಮ ಕರಾವಳಿಯ ಸೆಕೆ, ಬೆವರಿಗೆ ಆ ಗಾಯ ಇನ್ನೂ ಜಾಸ್ತಿ ಉರಿಯುತ್ತದೆ. ನುಣುಪಾದ ಶೇವ್ ಬೇಕಾದರೆ ಸ್ನಾನ ಆದಮೇಲೆ, ಕೂದಲು ನೀರಿಗೆ ಮೆತ್ತಗಾಗಿರುವಾಗ, ನೊರೆ ಚೆನ್ನಾಗಿ ಹಚ್ಚಿ, ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ತಾಗುವಂತೆ ರೇಜರನ್ನು ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಒತ್ತಲೇಬೇಡಿ, ರೇಜರಿನ ಭಾರವೇ ಸಾಕು. ಕೂದಲು ಜಗ್ಗಿದ ಹಾಗೆ ಅನಿಸಿದರೆ ಬ್ಲೇಡು ಬದಲಿಸಿ.