ಡೊಂಬಿವಲಿಯ ಮೊಸಳೆ

ನಮ್ಮ ಶಾಲೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಒಬ್ಬರೇ. ಅವರಿಗೆ ಕಿವಿ ಕೇಳಿಸುವುದಿಲ್ಲ.

ಧಾರವಾಡದವರು. 6ನೇ ವಯಸ್ಸಿಗೆ ಜ್ವರ ಬಂದು ಕಿವಿ ಹೋಯಿತು, ಮಾತು ಉಳಿಯಿತು. ಹಾಗಾಗಿ ಮುಂಬಯಿಗೆ ಬಂದು 30 ವರ್ಷವಾದರೂ ಅವರ ಕನ್ನಡ ಅಚ್ಚ ಧಾರವಾಡದ್ದು. ನನ್ನದೋ, ಹಿಂದಿ ಮರಾಠಿ ಎಲ್ಲ ಸೇರಿ ಎಂದೋ ಭೇಲ್‌ಪುರಿ ಆಗಿದೆ. ಅವರಿಗೆ ಇರುವ ತೊಂದರೆ ಒಂದೇ, ತಮ್ಮ ದನಿ ತಮಗೆ ಕೇಳಿಸದು. ಗುಟ್ಟು ಹೇಳಿದರೂ ಮೂರನೇ ಮಹಡಿಗೆ ಮುಟ್ಟುತ್ತದೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರು ಕಿವುಡ ಮಕ್ಕಳ ಟೀಚರ್. ನಾನು ಆಟಿಸಂ ಇರುವ ಮಕ್ಕಳ ಟೀಚರ್.

ಒಂದು ಶುಕ್ರವಾರ ಹೆಡ್ ಮೇಡಂ ಇಬ್ಬರನ್ನೂ ಕರೆದರು. "ನಾಳೆ ಪವಾಯಿಯಲ್ಲಿ ಶಿಕ್ಷಣ ತಂತ್ರಜ್ಞಾನದ ಸಮ್ಮೇಳನ ಇದೆ. ಹೋಗಿ ಬನ್ನಿ. ಊಟ ಅವರದೇ. ವರದಿ ಮಾತ್ರ ಬರೆದು ಕೊಡಬೇಕು." ವರದಿ ಬರೆದು ಕೊಟ್ಟಿದ್ದೇನೆ. ಅದರಲ್ಲಿ ಬರೆಯದೆ ಬಿಟ್ಟದ್ದು ಇಲ್ಲಿದೆ.

ಡೊಂಬಿವಲಿಯಿಂದ ಪವಾಯಿಗೆ ಹೋಗಲು ಕಾಂಜೂರ್‌ಮಾರ್ಗ್‌ನಲ್ಲಿ ಇಳಿಯಬೇಕು. ಅಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ಅನೌನ್ಸ್‌ಮೆಂಟ್ ಕೇಳಿಸಿಕೊಳ್ಳುವ ಕೆಲಸ ನನ್ನದು. ಕೇಳಿಸಿಕೊಂಡೆ, ಅಕ್ಕನನ್ನು ಎಳೆದುಕೊಂಡು ಹತ್ತಿಯೂ ಬಿಟ್ಟೆ. ಅಕ್ಕ ಇಂಡಿಕೇಟರ್‌ನಲ್ಲಿ ‘ಎಫ್’ ಅಕ್ಷರ ನೋಡಿದ್ದರಂತೆ. ಎಫ್ ಅಂದರೆ ಫಾಸ್ಟ್. ಹೇಳೋಣವೆಂದರೆ ನಾನು ಬೆನ್ನು ಹಾಕಿದ್ದೆ. ಕೈಸನ್ನೆ ಮಾಡೋಣವೆಂದರೆ ಲೇಡೀಸ್ ಡಬ್ಬದ ಆ ನೂಕುನುಗ್ಗಲಲ್ಲಿ ಎರಡೂ ಕೈ ಯಾರದೋ ಬ್ಯಾಗುಗಳ ನಡುವೆ ಸಿಕ್ಕಿಕೊಂಡಿದ್ದವು. ಕೂಗಿದರು ಕೂಡ. ಆದರೆ ಡೊಂಬಿವಲಿಯ ಬೆಳಗಿನ ಲೋಕಲ್‌ನಲ್ಲಿ ಒಬ್ಬರು ಕೂಗಿದರೆ ಯಾರು ತಿರುಗಿ ನೋಡುತ್ತಾರೆ? ಥಾಣೆ ದಾಟಿತು. ಕಾಂಜೂರ್‌ಮಾರ್ಗ್ ಕಿಟಕಿಯಲ್ಲಿ ಬಂದು ಕಿಟಕಿಯಲ್ಲೇ ಹೋಯಿತು. ಘಾಟ್‌ಕೋಪರ್‌ನಲ್ಲಿ ಇಳಿದ ಮೇಲೆ ಅಕ್ಕ ಹೇಳಿದ್ದು ಇಷ್ಟೇ: "ಕಿವಿ ಇದ್ದವರನ್ನ ನಂಬಬಾರ್ದು ನೋಡವಾ."

ವಾಪಸು ಬಂದು, ಆಟೋ ಹಿಡಿದು, ಕೆರೆಯ ಪಕ್ಕದಲ್ಲಿ ಹೋದೆವು. ಪವಾಯಿ ಕೆರೆಯಲ್ಲಿ ನಿಜವಾಗಿಯೂ ಮೊಸಳೆಗಳಿವೆ. ಸುತ್ತ ಅಷ್ಟೆತ್ತರದ ಕಟ್ಟಡಗಳು, ನಡುವೆ ಇವು ಆರಾಮಾಗಿ ಬಾಯಿ ತೆರೆದು ಬಿಸಿಲು ಕಾಯಿಸುತ್ತಿರುತ್ತವೆ. ಬಾಡಿಗೆಯ ಚಿಂತೆ ಇಲ್ಲದೆ ಪವಾಯಿಯಲ್ಲಿ ಇರುವವು ಅವೇ ಇರಬೇಕು.

ಬಾಗಿಲಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ ಯಂತ್ರ ಬ್ಯಾಡ್ಜ್ ಮುದ್ರಿಸಿ ಕೊಡುತ್ತಿತ್ತು. ಹುದ್ದೆಯ ಜಾಗದಲ್ಲಿ ನಾನು ‘ಸ್ಪೆಷಲ್ ಎಜುಕೇಟರ್’ ಎಂದು ತುಂಬಿದ್ದೆ. ಬ್ಯಾಡ್ಜಿನಲ್ಲಿ ಜಾಗ ಸಾಲದೆ ಅದು ‘ಸ್ಪೆಷಲ್’ ಎಂಬಲ್ಲಿಗೇ ನಿಂತಿತ್ತು. ಅಕ್ಕನದೂ ಹಾಗೇ. ಅದನ್ನು ನೋಡಿದ ಸ್ವಯಂಸೇವಕಿ ಹುಡುಗಿ ಗಾಬರಿಯಾಗಿ, "ಮ್ಯಾಮ್, ನೀವು ಇಲ್ಲಿ ನಿಲ್ಲಬಾರದು" ಎಂದು ನಮ್ಮನ್ನು ನೇರವಾಗಿ ಮುಂದಿನ ಸಾಲಿನ ಸೋಫಾಕ್ಕೆ ಕರೆದೊಯ್ದಳು. ನಾವೇನೂ ಸುಳ್ಳು ಹೇಳಲಿಲ್ಲ. ಸುಮ್ನೆ ಹೋಗಿ ಕೂತೆವು. ಪಕ್ಕದಲ್ಲೇ ಮುಖ್ಯ ಅತಿಥಿ. ವಯಸ್ಸಾದ ಮರಾಠಿ ಸಜ್ಜನರು, ಹೆಗಲ ಮೇಲೆ ಆಗಷ್ಟೇ ಹೊದಿಸಿದ ಉಣ್ಣೆ ಶಾಲು. ಏಸಿಯ ಚಳಿ ಹೇಗಿತ್ತೆಂದರೆ ಸನ್ಮಾನದ ಶಾಲು ಕೊನೆಗೂ ಒಬ್ಬರಿಗೆ ಉಪಯೋಗಕ್ಕೆ ಬಂದಿತ್ತು.

ವೇದಿಕೆಯ ಮೇಲೆ ಒಬ್ಬರು ಭಾಷಣ ಮಾಡುತ್ತಿದ್ದರು. ಅವರ ಮಾತನ್ನು ಯಂತ್ರವೇ ಕೇಳಿಸಿಕೊಂಡು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರೆಯುತ್ತಿತ್ತು. ಅಕ್ಕನಿಗೆ ಇಡೀ ದಿನ ಅದೇ ಗತಿ, ಜೊತೆಗೆ ನನ್ನ ಅರೆಬರೆ ಸನ್ನೆ ಭಾಷೆ. ಯಂತ್ರ ಒಟ್ಟಾರೆ ಸುಮಾರಾಗಿತ್ತು. ಆದರೆ ‘ಇನ್‌ಕ್ಲೂಷನ್’ ಎಂದಾಗೆಲ್ಲ ‘ಇಲ್ಯೂಷನ್’ ಎಂದು ಬರೆಯುತ್ತಿತ್ತು. ವಿಶೇಷ ಮಕ್ಕಳನ್ನು ಎಲ್ಲರೊಂದಿಗೆ ಸೇರಿಸಿಕೊಳ್ಳುವುದು ಹೋಗಿ ಭ್ರಮೆ ಆಯಿತು. "ಅದೊಂದ್ ಬರೋಬ್ಬರಿ ಬರದೈತಿ" ಎಂದರು ಅಕ್ಕ.

ಅಷ್ಟರಲ್ಲಿ ಪರದೆಯ ಮೇಲೆ ಗ್ರಹಾಂ ಬೆಲ್‌ನ ಗಡ್ಡ ಕಾಣಿಸಿತು. ಬೆಲ್ ಬಾಸ್ಟನ್‌ನಲ್ಲಿ ಕಿವುಡರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು, ಅವನ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ, ವಿಶೇಷ ಶಿಕ್ಷಕನೊಬ್ಬ ಜಗತ್ತು ಬದಲಿಸಿದ ಎಂದೆಲ್ಲ ಭಾಷಣಕಾರರು ಹೇಳಿದರು. ಎಲ್ಲವೂ ನಿಜವೇ. ಆದರೆ ಬೆಲ್ ಹೆಸರೆತ್ತಿದರೆ ಅಕ್ಕನಿಗೆ ಆಗುವುದಿಲ್ಲ. ಅವರ ವಾದ ಇದು: ಕಿವುಡರ ಮೇಷ್ಟ್ರು 1876ರಲ್ಲಿ ಕಿವುಡರಿಗೆ ಮಾತ್ರ ಉಪಯೋಗಕ್ಕೆ ಬಾರದ ಯಂತ್ರ ಕಂಡುಹಿಡಿದ. ಸಾಲದ್ದಕ್ಕೆ ಸನ್ನೆ ಭಾಷೆ ಬೇಡ, ತುಟಿ ನೋಡಿ ಮಾತು ಕಲಿಯಲಿ ಎನ್ನುವವರ ಗುಂಪಿನಲ್ಲಿ ಅವನೇ ಮುಂದಾಳು. 1880ರಲ್ಲಿ ಮಿಲಾನ್‌ನಲ್ಲಿ ಮೇಷ್ಟ್ರುಗಳೆಲ್ಲ ಸೇರಿ ಅಂಥದ್ದೇ ಠರಾವು ಪಾಸು ಮಾಡಿದ ಮೇಲೆ ಎಷ್ಟೋ ದೇಶಗಳಲ್ಲಿ ಕಿವುಡ ಮಕ್ಕಳು ಕೈಕಟ್ಟಿ ಕೂರಬೇಕಾಯಿತು. "ಕೈಕಟ್ಟಿ ಅಂದ್ರ ಬಾಯಿ ಕಟ್ಟಿದಂಗ" ಎನ್ನುತ್ತಾರೆ ಅಕ್ಕ. ಬೆಳಗಿನ ಲೋಕಲ್ ನೆನಪಾಗಿ ನಾನು ಸುಮ್ಮನಾದೆ.

ಅಕ್ಕನ ಮುಖ ಬಿಗಿಯಿತು. ನಾನು ಮೆಲ್ಲನೆ ಬ್ಯಾಗಿನಿಂದ ಸೋಮವಾರದ ಕಾರ್ಡುಗಳನ್ನು ತೆಗೆದು ಹೊಸ ವೆಲ್‌ಕ್ರೋ ಅಂಟಿಸುತ್ತಾ ಕೂತೆ.

ಇಲ್ಲಿ ವೆಲ್‌ಕ್ರೋ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದಿದ್ದರೂ ವೆಲ್‌ಕ್ರೋ ಇರುತ್ತದೆ. ಮಾತು ಬಾರದ ಮಕ್ಕಳಿಗೆ ಚಿತ್ರದ ಕಾರ್ಡು ಮಾಡಿ, ಲ್ಯಾಮಿನೇಟ್ ಮಾಡಿಸಿ, ಹಿಂದೆ ವೆಲ್‌ಕ್ರೋ ಹಚ್ಚಿ, ಒಂದು ಪಟ್ಟಿಗೆ ಅಂಟಿಸಿಡುತ್ತೇವೆ. ನೀರು ಬೇಕಾದರೆ ಮಗು ನೀರಿನ ಕಾರ್ಡು ಕಿತ್ತು ನಮ್ಮ ಕೈಗೆ ಕೊಡಬೇಕು. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಪದ್ಧತಿ ಇದು. ವೆಲ್‌ಕ್ರೋ ಅದಕ್ಕಿಂತ ಹಳೆಯದು. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಎಂಬ ಎಂಜಿನಿಯರ್ ನಾಯಿ ಜೊತೆ ಗುಡ್ಡ ಸುತ್ತಿ ಬಂದಾಗ ಬಟ್ಟೆಗೂ ನಾಯಿಯ ಮೈಗೂ ಮುಳ್ಳುಕಾಯಿ ಅಂಟಿದ್ದವಂತೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಪುಟ್ಟ ಕೊಕ್ಕೆಗಳು. ಅದೇ ವೆಲ್‌ಕ್ರೋ ಆಯಿತು. ನಮ್ಮೂರ ಉತ್ತರಾಣಿ ನಮ್ಮಜ್ಜಿಯರ ಸೀರೆಗೆ ಅದಕ್ಕೂ ಎಷ್ಟೋ ಕಾಲ ಮೊದಲೇ ಅಂಟುತ್ತಿತ್ತು. ನಾವು ಬೈದು, ಕಿತ್ತು, ಬಿಸಾಡಿದೆವು.

ನನ್ನ ಕ್ಲಾಸಿನಲ್ಲಿ 11 ವರ್ಷದ ಹುಡುಗನೊಬ್ಬನಿದ್ದಾನೆ. ಮಾತಿಲ್ಲ. ನೀರು, ವಡಾಪಾವ್, ಸಾಕು, ಶೂ, ಹೀಗೆ ಅವನಿಗೆ ಕಾರ್ಡುಗಳಿವೆ. ಶೂ ಎಂದರೆ ಕಾಲಿಗೆ ಹಾಕುವುದಲ್ಲ. ಮರಾಠಿ ಮನೆಗಳಲ್ಲಿ ಮಕ್ಕಳು ಒಂದಕ್ಕೆ ಹೋಗಬೇಕಾದಾಗ ಹೇಳುವ ಮಾತು. ಕಾರ್ಡಿನ ಮೇಲೆ ದೊಡ್ಡ ಕಮೋಡಿನ ಚಿತ್ರ. ನನ್ನ ಫೋಟೋ ಇರುವ ಕಾರ್ಡೂ ಇದೆ. 3 ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ಕಿತ್ತಿಲ್ಲ. ವಡಾಪಾವ್ ಕಾರ್ಡಿನ ವೆಲ್‌ಕ್ರೋ ಮಾತ್ರ ತಿಂಗಳಿಗೊಮ್ಮೆ ಸವೆಯುತ್ತದೆ.

ಭಾಷಣ ಮುಗಿಯಿತು. ಮುಖ್ಯ ಅತಿಥಿಗಳು ಎದ್ದು ವೇದಿಕೆಗೆ ಹೋದರು. ಒಂದು ಆ್ಯಪ್ ಬಿಡುಗಡೆ ಮಾಡಬೇಕಿತ್ತು. ನಾನು ಕಾರ್ಡುಗಳನ್ನು ಎಣಿಸಿದೆ. ಒಂದು ಕಡಿಮೆ.

ಅವರು ಬಟನ್ ಒತ್ತಲು ಪರದೆಯ ಕಡೆ ತಿರುಗಿದರು. ಉಣ್ಣೆ ಶಾಲಿನ ನಟ್ಟನಡುವೆ, ಬೆನ್ನ ಮೇಲೆ, ಕಮೋಡು.

ಮೊದಲು ನೋಡಿದವರು ಅಕ್ಕ. ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದರು. ಅಂದರೆ, ಇಡೀ ಸಭಾಂಗಣಕ್ಕೆ ಕೇಳಿಸುವ ಹಾಗೆ ಹೇಳಿದರು: "ಅವರ ಬೆನ್ನ ಮ್ಯಾಲ ಸಂಡಾಸ ಐತಿ ನೋಡವಾ!"

ಕನ್ನಡ ಯಾರಿಗೆ ತಿಳಿಯುತ್ತದೆ ಎಂದು ಅರೆಕ್ಷಣ ಧೈರ್ಯವಾಗಿದ್ದೆ. ಆದರೆ ಸಂಡಾಸ ಎಂಬುದು ಧಾರವಾಡಕ್ಕೆ ಎಷ್ಟು ಸ್ವಂತವೋ ಮಹಾರಾಷ್ಟ್ರಕ್ಕೂ ಅಷ್ಟೇ ಸ್ವಂತ. ಗಡಿ ತಕರಾರೇ ಇಲ್ಲದ ಶಬ್ದ. ಸಾಲು ಸಾಲಾಗಿ ಜನ ಕತ್ತು ಎತ್ತಿದರು. ಎಲ್ಲೋ ಹಿಂದೆ ಒಬ್ಬರು ಗಹಗಹಿಸಿ ನಕ್ಕರು. ಇಡೀ ವಾಕ್ಯ ಅರ್ಥವಾದ ನಗು ಅದು, ಕನ್ನಡದವರೇ ಇರಬೇಕು. ಅತಿಥಿಗಳು ಮಾತ್ರ ಆ್ಯಪ್ ನೋಡಿಯೇ ಜನ ಇಷ್ಟು ಖುಷಿಯಾದರೆಂದು ಇನ್ನೊಮ್ಮೆ ಬಟನ್ ಒತ್ತಿದರು.

ಅವರು ಮೆಟ್ಟಿಲಿಳಿಯುವಾಗ ನಾನು ಓಡಿಹೋಗಿ, "ಒಂದ್ನಿಮಿಷ ಸರ್" ಎಂದು ಹಿಂದಿನಿಂದ ಕಾರ್ಡು ಕಿತ್ತೆ. ವೆಲ್‌ಕ್ರೋ ಸದ್ದಿಲ್ಲದೆ ಬಿಡುವುದಿಲ್ಲ. ಅವರ ಕಾಲರ್ ಮೈಕ್ ಇನ್ನೂ ಚಾಲೂ ಇತ್ತು. ‘ಚರ್ರ್ರ್’ ಎಂದು ನಾಲ್ಕೂ ಸ್ಪೀಕರಿನಿಂದ ಬಂತು. ಅವರು ಗಾಬರಿಯಿಂದ ಬೆನ್ನು, ಸೊಂಟ ಎಲ್ಲ ಮುಟ್ಟಿ ನೋಡಿಕೊಂಡರು. ನಾನು ನಡುಗುತ್ತಾ ಕಾರ್ಡು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ನನ್ನ ಬ್ಯಾಡ್ಜ್ ನೋಡಿದರು, ಮೈಕನ್ನು ಕೈಯಿಂದ ಮುಚ್ಚಿ ಬಗ್ಗಿ ಮೆತ್ತಗೆ ಕೇಳಿದರು: "ಕುಠೇ ಆಹೇ?"

ಎಲ್ಲಿದೆ ಎಂದು. ಪಾಪ, ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದರೋ. ಎಡಗಡೆ ಬಾಗಿಲು ತೋರಿಸಿದೆ. ಆ ದಿನ ನಾನು ನೋಡಿದ ಡೆಮೊಗಳಲ್ಲಿ ಪೂರ್ತಿ ಯಶಸ್ವಿಯಾದದ್ದು ಅದೊಂದೇ.

ಊಟದ ಬಗ್ಗೆ ಹೇಳುವಂಥದ್ದೇನಿಲ್ಲ, ಪನೀರ್. ಆಮೇಲೆ ಸ್ಟಾಲುಗಳು. ಒಂದು ಸ್ಟಾಲಿನ ಹುಡುಗ, "ನಮ್ಮ ಆ್ಯಪ್ ಎಲ್ಲಾ ಸ್ಪೆಷಲ್ ಮಕ್ಕಳಿಗೂ ಸೂಟ್ ಆಗುತ್ತೆ ಮ್ಯಾಮ್" ಎಂದ. 1995ರ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾನೂನಿನಲ್ಲಿ 21 ಇದೆ, ನಿಮ್ಮದು ಯಾವುದಕ್ಕೆ ಎಂದು ಕೇಳಿದೆ. ಒಂದು ಕ್ಷಣವೂ ತಡಮಾಡದೆ ಹೇಳಿದ: "7 ಬೇಸಿಕ್ ಪ್ಲಾನ್‌ನಲ್ಲಿ, 21 ಪ್ರೀಮಿಯಂನಲ್ಲಿ ಮ್ಯಾಮ್." ಹುಡುಗ ಮುಂದೆ ಬರುತ್ತಾನೆ. ಅವನ ಆ್ಯಪ್‌ನಲ್ಲಿ ಉತ್ತರ ತಪ್ಪಾದರೆ ಬಝರ್ ಬಡಿಯುತ್ತಿತ್ತು. ನನ್ನ ಮಕ್ಕಳಲ್ಲಿ ಅರ್ಧ ಜನ ಆ ಸದ್ದಿಗೆ ಕಿವಿ ಮುಚ್ಚಿ ಮೇಜಿನ ಕೆಳಗೆ ಸೇರುತ್ತಾರೆ. ಇನ್ನರ್ಧ ಜನ ಆ ಸದ್ದಿಗೋಸ್ಕರವೇ ದಿನವಿಡೀ ತಪ್ಪು ಉತ್ತರ ಒತ್ತುತ್ತಾರೆ. ಹೇಳಿದೆ. ಬರೆದುಕೊಂಡ.

ಸಂಜೆ ಪ್ರಶ್ನೋತ್ತರ. ನನಗೆ ಇಂಥಲ್ಲೆಲ್ಲ ಕೈ ಎತ್ತುವ ಅಭ್ಯಾಸವಿಲ್ಲ. ಆದರೆ ಬೆಳಗಿನಿಂದ ಅಕ್ಕ ಆ ಪರದೆಯ ಕೆಳಗಿನ ಸಾಲುಗಳನ್ನು ಓದಿ ಓದಿ ಕಣ್ಣು ಉಜ್ಜಿಕೊಳ್ಳುತ್ತಿದ್ದರು. ದೆಹಲಿಯಲ್ಲಿ 2015ರಿಂದ ಭಾರತೀಯ ಸನ್ನೆ ಭಾಷೆಗೆಂದೇ ಒಂದು ಸಂಸ್ಥೆ ಇದೆ, 10,000 ಪದಗಳ ನಿಘಂಟಿದೆ. ಇಷ್ಟು ದೊಡ್ಡ ಸಮ್ಮೇಳನಕ್ಕೆ ಸನ್ನೆ ಭಾಷೆ ಬಲ್ಲ ಒಬ್ಬ ದುಭಾಷಿ ಸಿಗಲಿಲ್ಲವೇ? ಮೈಕ್ ಹಿಡಿದೆ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ನಾನು ಡೊಂಬಿವಲಿಯ ಸ್ಪೆಷಲ್ ಎಜುಕೇಟರ್, ಇಲ್ಲಿ ಇಂಟರ್‌ಪ್ರಿಟರ್ ಎಲ್ಲಿ ಎಂದು ಕೇಳಿದೆ.

ಪರದೆಯ ಮೇಲೆ ಬಂತು: "ಐ ಆ್ಯಮ್ ಎ ಸ್ಪೆಷಲ್ ಅಲಿಗೇಟರ್ ಫ್ರಮ್ ಡಂಬೆಲ್. ವೇರ್ ಈಸ್ ಎಂಟರ್ ಪೀಟರ್?"

ವೇದಿಕೆಯ ಮೇಲಿದ್ದವರು ಬಹಳ ಗಂಭೀರವಾಗಿ ಪರದೆ ಓದಿ, "ಪೀಟರ್ ಇದ್ದರೆ ದಯವಿಟ್ಟು ಕೌಂಟರ್ ಹತ್ತಿರ ಬನ್ನಿ" ಎಂದು ಪ್ರಕಟಿಸಿದರು. ನನ್ನ ಪ್ರಶ್ನೆಗೆ ಸಿಕ್ಕಿದ ಉತ್ತರ ಅಷ್ಟೇ. ಪವಾಯಿಯಲ್ಲಿರುವುದು ಕ್ರೊಕೊಡೈಲ್, ಅಲಿಗೇಟರ್ ಅಲ್ಲ ಎಂದು ಹಿಂದಿನ ಸಾಲಿನವರೊಬ್ಬರು ಪಕ್ಕದವರಿಗೆ ತಿದ್ದಿ ಹೇಳುತ್ತಿದ್ದರು. ಕನ್ನಡದಲ್ಲಿ ಎರಡೂ ಮೊಸಳೆಯೇ, ನಮಗೆ ಆ ಭೇದವಿಲ್ಲ.

ಅಕ್ಕ ಸೋಫಾದ ಮೇಲೆ ಒರಗಿಬಿಟ್ಟಿದ್ದರು. ಕಣ್ಣಲ್ಲಿ ನೀರು. ಎರಡು ಅಂಗೈ ಒಂದರ ಮೇಲೊಂದು ಇಟ್ಟು, ಮಣಿಕಟ್ಟು ಸೇರಿಸಿ, ಬಾಯಿಯ ಹಾಗೆ ತೆರೆದು ಮುಚ್ಚಿ, ನನ್ನ ಕಡೆ ಬೆರಳು ಮಾಡಿದರು.

ಕಿವುಡರಲ್ಲಿ ಒಂದು ಪದ್ಧತಿ ಇದೆ. ಬಳಗದವರಿಗೆ ಸನ್ನೆಯಲ್ಲೇ ಒಂದು ಹೆಸರು ಇಡುತ್ತಾರೆ. ನಮ್ಮಷ್ಟಕ್ಕೆ ನಾವು ಇಟ್ಟುಕೊಳ್ಳುವಂತಿಲ್ಲ, ಅವರು ಕೊಡಬೇಕು. 9 ವರ್ಷದಿಂದ ಕೇಳುತ್ತಿದ್ದೆ. "ತಡೀ, ನಿನ್ನೊಳಗ ಏನೈತಿ ನೋಡ್ತೀನಿ" ಎನ್ನುತ್ತಲೇ ಬಂದಿದ್ದರು. ಕೊನೆಗೆ ನೋಡಿಬಿಟ್ಟರು. ಮಲ್ಲಿಗೆಯೋ ನಗುವೋ ಬರಬಹುದೆಂದು ನಾನು ಕಾದಿದ್ದೆ.

ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ಅಕ್ಕನ ಕ್ಲಾಸಿಗೆ ವಿಷಯ ಗೊತ್ತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಲೆಗೆ. ನಾನು ಕಾರಿಡಾರಿನಲ್ಲಿ ಹೊರಟರೆ ಎರಡೂ ಕಡೆ ಮಕ್ಕಳ ಅಂಗೈಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಪ್ಯೂನ್ ಕೂಡ ಮಾಡಿದ. ಹೆಡ್ ಮೇಡಂ ಮಾಡಲಿಲ್ಲ, ಆದರೆ ವರದಿ ತೆಗೆದುಕೊಳ್ಳುವಾಗ ಅವರ ಬೆರಳು ಸ್ವಲ್ಪ ಅಲುಗಿದ್ದನ್ನು ನೋಡಿದ್ದೇನೆ.

ಎರಡು ವಾರ ಕಳೆದ ಮೇಲೆ ನನ್ನ ಕ್ಲಾಸಿನ ಆ ಹುಡುಗನ ಅಮ್ಮ ಫೋನ್ ಮಾಡಿದರು.

"ಟೀಚರ್, ಇವನು ಏನೋ ಹೊಸದು ಶುರು ಮಾಡಿದ್ದಾನೆ. ಯೂನಿಫಾರ್ಮ್ ಹಾಕಿದ ಕೂಡಲೇ ಬಾಗಿಲ ಹತ್ತಿರ ನಿಂತು ಎರಡೂ ಕೈ ಹೀಗೆ ತೆರೆದು ಮುಚ್ಚಿ ಮಾಡ್ತಾನೆ. ನಿನ್ನೆ ಭಾನುವಾರ, ಸ್ಕೂಲ್ ಇಲ್ಲ ಅಂದರೂ ದಿನವಿಡೀ ಅದೇ. ಮೊಸಳೆ ನೋಡ್ಬೇಕೇನೋ ಅಂತ ಫೋನ್‌ನಲ್ಲಿ ತೋರಿಸಿದೆವು, ತಳ್ಳಿಬಿಟ್ಟ. ವಡಾಪಾವ್ ಕೊಟ್ಟೆವು, ತಿಂದು ಮತ್ತೆ ಅದನ್ನೇ ಮಾಡಿದ. ಏನು ಕೇಳ್ತಿದ್ದಾನೆ ಟೀಚರ್?"

"ಅದು ನಾನೇ" ಎಂದೆ.